ದೆವ್ವಕ್ಕೆ ಪಾಟೀಸವಾಲು ಹಾಕೋದು ಹೇಗೆ?

ಹಾರರ್ ಸಿನಿಮಾ ಹೆದರಿಸಲಿಲ್ಲ ಅಂದ್ರೆ ಟಿಕೆಟ್ ದುಡ್ಡು ದಂಡ ಅಂತ ಬೈದು ಮರೆತುಬಿಡಬಹುದು. 2021ರಲ್ಲಿ ಬಂದ 'ದಿ ಕಾಂಜ್ಯೂರಿಂಗ್: ದಿ ಡೆವಿಲ್ ಮೇಡ್ ಮಿ ಡೂ ಇಟ್' ಬಗ್ಗೆ ನನ್ನ ತಕರಾರು ಸ್ವಲ್ಪ ಬೇರೆ.

ಸಿನಿಮಾಕ್ಕೆ ಆಧಾರ ಒಂದು ನಿಜವಾದ ಕೇಸು. 1981ರ ಫೆಬ್ರವರಿಯಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರೂಕ್‌ಫೀಲ್ಡ್ ಎಂಬ ಊರಲ್ಲಿ 19 ವರ್ಷದ ಹುಡುಗನೊಬ್ಬ ತಾನಿದ್ದ ಬಾಡಿಗೆ ಮನೆಯ ಓನರನ್ನ ಚಾಕುವಿನಿಂದ ಇರಿದು ಕೊಂದ. ಕೊಂದಿದ್ದು ಇವನಲ್ಲ, ಇವನ ಮೈಹೊಕ್ಕ ದೆವ್ವ ಅಂತ ಅವನ ವಕೀಲರು ವಾದಿಸಹೊರಟರು. ಇಂಥದ್ದನ್ನು ಸಾಬೀತು ಮಾಡೋಕಾಗಲ್ಲ ಅಂತ ಜಡ್ಜು ಆ ವಾದವನ್ನು ಬಾಗಿಲಲ್ಲೇ ತಡೆದರು. ನರಹತ್ಯೆಯ ಅಪರಾಧಕ್ಕೆ 10ರಿಂದ 20 ವರ್ಷ ಶಿಕ್ಷೆಯಾಯ್ತು. ಸುಮಾರು 5 ವರ್ಷಕ್ಕೆ ಹೊರಬಂದ.

ಎಂಥಾ ಸಬ್ಜೆಕ್ಟು ನೋಡಿ! ಮಾಡಿದ ಕೈ ನನ್ನದೇ, ಆದರೆ ಮಾಡಿಸಿದ್ದು ಬೇರೇನೋ ಅನ್ನಿಸಿದಾಗ ತಪ್ಪು ಯಾರ ತಲೆಗೆ? ನಿರ್ದೇಶಕ ಮೈಕಲ್ ಚಾವೇಸ್ ಈ ಪ್ರಶ್ನೆ ಎದ್ದ ಕೋರ್ಟನ್ನು ಗಡಿಬಿಡಿಯಲ್ಲಿ ದಾಟಿಸಿ, ಮಾಟ ಮಾಡಿದ ಹೆಂಗಸೊಬ್ಬಳ ಬೆನ್ನು ಹತ್ತುತ್ತಾರೆ. ಶುರುವಿನಲ್ಲೇ ದೆವ್ವವನ್ನು ಕಣ್ಣಾರೆ ತೋರಿಸಿಬಿಟ್ಟ ಮೇಲೆ ನಮಗೆ ಅನುಮಾನಪಡೋಕೆ ಏನು ಉಳೀತು? ಹುಡುಗ ಅಮಾಯಕ, ಮಾಟಗಾತಿ ಪಾಪಿ, ಅವಳ ಪೂಜಾಪೀಠ ಒಡೆದರೆ ಕಥೆ ಮುಗೀತು. ಕೋರ್ಟು ಕೇಳೋಕೂ ಒಪ್ಪದ ವಾದವನ್ನು ಸಿನಿಮಾ ಕಣ್ಣುಮುಚ್ಚಿ ಎತ್ತಿಹಿಡಿಯಿತು.

ಈ ವಾದ ನಮಗೂ ಹೊಸದೇನಲ್ಲ. ಮೀಟಿಂಗಲ್ಲಿ ಜೂನಿಯರ್ ಮೇಲೆ ಕಿರುಚಾಡಿ, ಆಮೇಲೆ "ಏನು ಮೈಮೇಲೆ ಬಂದಿತ್ತೋ, ರಿಲೀಸ್ ಟೆನ್ಷನ್ನು ಗುರೂ" ಅಂತೀವಿ. ಕುಡಿದು ಬೈದವನು ಮಾರನೇ ದಿನ "ಅದು ನಾನಲ್ಲ, ಎಣ್ಣೆ ಮಾತಾಡಿದ್ದು" ಅಂತಾನೆ. ಪೂರ್ತಿ ಸುಳ್ಳು ಅಂತ ಹೇಳಲ್ಲ. ಟೆನ್ಷನ್ ಇದ್ದಿದ್ದು ನಿಜ, ಎಣ್ಣೆ ಏರಿದ್ದೂ ನಿಜ. ಬುದ್ಧಿ ಸ್ವಾಧೀನದಲ್ಲಿ ಇಲ್ಲದವರಿಗೆ ಕಾನೂನು ಕೂಡ ವಿನಾಯಿತಿ ಕೊಡುತ್ತೆ. ಆದರೆ ಅಲ್ಲಿ ಡಾಕ್ಟರು ಪರೀಕ್ಷೆ ಮಾಡ್ತಾರೆ, ಎದುರಿನ ವಕೀಲರು ಪ್ರಶ್ನೆ ಕೇಳ್ತಾರೆ. ದೆವ್ವವನ್ನು ಪಾಟೀಸವಾಲಿಗೆ ಕರೆಯೋಕಾಗಲ್ಲ. ಅದಕ್ಕೇ ಅದು ಅಷ್ಟೊಂದು ಅನುಕೂಲ. ಯಾಕೆ ಹಾಗಾಯ್ತು ಅಂತ ವಿವರಿಸೋದು ಒಂದು, ಮಾಡಿದ್ದು ನಾನೇ ಅಲ್ಲ ಅನ್ನೋದು ಇನ್ನೊಂದು. ಮೊದಲನೆಯದರಲ್ಲಿ ತಪ್ಪು ನಮ್ಮ ಕೈಯಲ್ಲೇ ಇರುತ್ತೆ.

ಇಷ್ಟೆಲ್ಲದರ ನಡುವೆ ಸತ್ತವನು ಏನಾದ? ಅವನಿಗೆ 40 ವರ್ಷ. ಸಿನಿಮಾದಲ್ಲಿ ಅವನ ಹೆಸರನ್ನೇ ಬದಲಾಯಿಸಿದ್ದಾರೆ. ಬರ್ತಾನೆ, ಇರಿಸಿಕೊಳ್ತಾನೆ, ಮುಗೀತು. ಕೊಂದವನ ಪರವಾಗಿ ಪ್ರೇಯಸಿ ಇದ್ದಾಳೆ, ಕಾಪಾಡೋಕೆ ಓಡಾಡುವ ದಂಪತಿ ಇದ್ದಾರೆ. ನಮ್ಮ ಕಣ್ಣೀರೂ ಅವನ ಕಡೆಗೇ ಹರೀಬೇಕು ಅನ್ನೋ ಹಾಗೆ ಕಥೆ ಕಟ್ಟಿದ್ದಾರೆ.

ಸಿನಿಮಾ ಸೋತಿದ್ದು ಇಲ್ಲೇ. ತಪ್ಪನ್ನು ದೆವ್ವದ ಮೇಲೆ ಹಾಕಿದ ಕೂಡಲೇ ಪೆಟ್ಟು ತಿಂದವನು ಮರೆಯಾಗ್ತಾನೆ, ಯಾಕಂದ್ರೆ ಅವನ ಕ್ಷಮೆ ಕೇಳಬೇಕಾದವರು ಯಾರೂ ಉಳಿದಿರಲ್ಲ. ಮೀಟಿಂಗಲ್ಲಿ ಬೈಸಿಕೊಂಡ ಜೂನಿಯರ್‌ದೂ ಅದೇ ಪಾಡು. ಟೆನ್ಷನ್ ಅಂತೂ ಅವನ ಡೆಸ್ಕಿಗೆ ಬಂದು ಸಾರಿ ಕೇಳಲ್ಲ.