ಕಾಲು ಚಾಚುವ ಕಷ್ಟ

ಪವಿತ್ರ ಗುರುವಾರದ ಸಂಜೆ ಪೂಜೆಯಲ್ಲಿ ಫಾದರ್ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರಲ್ಲ, ಆ ಹನ್ನೆರಡೂ ಮಂದಿ ಮನೆಯಲ್ಲೇ ಸೋಪು ಹಾಕಿ ಉಜ್ಜಿ ತೊಳೆದುಕೊಂಡು ಬಂದಿರುತ್ತಾರೆ. ಅಡಿಕೆ ತೋಟದಲ್ಲಿ ಹಿಮ್ಮಡಿ ಒಡೆಸಿಕೊಂಡ ನನ್ನಂಥವರು ಮೇಲಿಂದ ಒಂದಿಷ್ಟು ತೆಂಗಿನೆಣ್ಣೆಯನ್ನೂ ಸವರಿಕೊಳ್ಳುವುದುಂಟು. ಕೊಳಕು ಕಾಲನ್ನು ಫಾದರ್ ಮುಂದೆ ಚಾಚಲು ನಾಚಿಕೆ. ತೊಳೆಯುವವರ ನಮ್ರತೆಯ ಮೇಲೆ ವರ್ಷವೂ ಪ್ರಸಂಗ ಕೇಳುತ್ತೇವೆ. ತೊಳೆಸಿಕೊಳ್ಳುವವನ ಪಾಡಿನ ಬಗ್ಗೆ ಯಾರೂ ಹೇಳಿದ್ದಿಲ್ಲ.

ನಮ್ಮೂರು ಶಂಕರನಾರಾಯಣ. ಹೆಸರೇ ಹೇಳುವಂತೆ ಹರಿಹರರು ಒಟ್ಟಿಗೆ ಕೂತ ಊರು, ಪರಶುರಾಮ ಕ್ಷೇತ್ರಗಳಲ್ಲಿ ಒಂದು. ಇಲ್ಲಿ ಕ್ರೈಸ್ತರು ಕಡಿಮೆ; ಆದ್ದರಿಂದ ನಮ್ಮ ಹಬ್ಬಗಳ ಬಗ್ಗೆ ನೆರೆಯವರಿಗೆ ಕುತೂಹಲ ಜಾಸ್ತಿ. ಕಾಲು ತೊಳೆಯುವ ವಿಷಯ ಕೇಳಿ ಪಕ್ಕದ ಮನೆ ಶೆಟ್ರು, ‘ಹ್ವಾಯ್, ನಮ್ಮಲ್ಲ್ ಭಟ್ರ ಕಾಲ್ ನಾವ್ ತೊಳುದ್. ನಿಮ್ಮಲ್ಲೆಂತ ತಿರ್ಗಾ ಮುರ್ಗಾ?’ ಎಂದಿದ್ದರು. ತಮಾಷೆಗೆ ಹೇಳಿದ ಮಾತಾದರೂ ಯೊವಾನ್ನನ ಸುವಾರ್ತೆಯ ಹದಿಮೂರನೇ ಅಧ್ಯಾಯದಲ್ಲಿ ಪೇತ್ರನ ತಕರಾರೂ ಇದೇ ತಾನೆ. ಗುರು ತನ್ನ ಕಾಲು ಮುಟ್ಟುವುದಕ್ಕೆ ಅವನು ಸುತರಾಂ ಒಪ್ಪುವುದಿಲ್ಲ. ಹಾಗಾದರೆ ನಿನಗೂ ನನಗೂ ಸಂಬಂಧವಿಲ್ಲ ಎಂದು ಯೇಸು ಹೇಳಿದ್ದೇ ತಡ, ಕೈಯನ್ನೂ ತಲೆಯನ್ನೂ ತೊಳೆಯಿರಿ ಅನ್ನುತ್ತಾನೆ. ಮೊದಲು ಉಳಿದವರಿಗಿಂತ ಹೆಚ್ಚು ವಿನಯ, ಆಮೇಲೆ ಉಳಿದವರಿಗಿಂತ ಹೆಚ್ಚು ಭಕ್ತಿ. ಉಳಿದ ಹನ್ನೊಂದು ಮಂದಿ ಶಿಷ್ಯರಂತೆ ಸುಮ್ಮನೆ ಕೂತು ಕಾಲು ಕೊಡುವುದು ಮಾತ್ರ ಆಗದು. ಪೇತ್ರನನ್ನು ಕಂಡರೆ ನನಗೆ ಪ್ರೀತಿ, ಅವನು ನಮ್ಮೂರಿನವನ ಹಾಗೆಯೇ ಇದ್ದಾನೆ.

ನನ್ನ ಅಮ್ಮನೂ ಇದೇ ಜಾತಿಯವಳು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇಗರ್ಜಿಯಲ್ಲಿ ಆಶೀರ್ವದಿಸಿಕೊಟ್ಟ ಹೊಸ ತೆನೆ ತಂದು, ಅದರ ಕಾಳನ್ನು ಪಾಯಸಕ್ಕೆ ಹಾಕಿ ಮನೆಮಂದಿಗೆಲ್ಲ ಬಡಿಸುವಳು. ನೆರೆಯವರಿಗೂ ಪಾಯಸ ಹೋಗಬೇಕು. ಅಲ್ಲಿಂದ ಏನಾದರೂ ಬಂದರೆ ಪಾತ್ರೆ ಖಾಲಿ ವಾಪಸು ಹೋಗಕೂಡದು. ಏನೂ ಇಲ್ಲದಿದ್ದರೆ ನಾಲ್ಕು ತೊಂಡೆಕಾಯಿಯಾದರೂ ಅದರಲ್ಲಿ ಇರಬೇಕು. ಪಾರ್ಶ್ವವಾಯು ಬಡಿದು ಮಲಗಿದ ಮೇಲೆ ಶೆಟ್ರ ಮನೆ ಹೆಂಗಸರೇ ಬಂದು ಅವಳ ಮೈ ಒರೆಸಿ, ತಲೆ ಬಾಚಿ ಹೋಗುತ್ತಿದ್ದರು. ಅವರು ಮೆಟ್ಟಿಲು ಇಳಿಯುವ ಮೊದಲೇ ಅಮ್ಮನ ತೊದಲು ಮಾತು: ‘ಏನಾದ್ರೂ ಕೊಟ್ ಕಳ್ಸು.’ ಅದು ಸಂಸ್ಕಾರವೇ, ಇಲ್ಲವೆನ್ನುವುದಿಲ್ಲ. ಆದರೆ ಜೀವಮಾನವಿಡೀ ಕೊಡುವ ಕೈಯೇ ಮೇಲಿದ್ದವಳಿಗೆ ಬರೀ ಪಡೆದು ಸುಮ್ಮನಿರುವುದು ಕಾಯಿಲೆಗಿಂತ ದೊಡ್ಡ ಸಂಕಟವಾಗಿತ್ತು. ಸೇವೆಯಲ್ಲಿ ಅಹಂಕಾರ ಅಡಗಲು ಬೇಕಾದಷ್ಟು ಜಾಗವಿದೆ. ಪಡೆಯುವಲ್ಲಿ ಅದಕ್ಕೆ ಮೂಲೆ ಸಿಗುವುದಿಲ್ಲ, ಆದ್ದರಿಂದಲೇ ನಾವು ಆ ಕಡೆ ಹೋಗುವುದಿಲ್ಲ.

ಹಾಗೆಂದು ‘ನನ್ನಿಂದ ಏನಾಗ್ತದೆ, ಎಲ್ಲ ದೇವರು’ ಎಂದು ವೇದಿಕೆಯಲ್ಲಿ ಕೈಮುಗಿಯುವವರನ್ನೂ ನಾನು ಪೂರ್ತಿ ನಂಬುವುದಿಲ್ಲ. ಅಲ್ಲಗಳೆದ ಹೊಗಳಿಕೆ ಇಮ್ಮಡಿಯಾಗಿ ತಿರುಗಿ ಬರುತ್ತದೆಂಬುದು ಅವರಿಗೂ ಗೊತ್ತು. ಸಂತ ಥಾಮಸ್ ಅಕ್ವಿನಾಸ್ ನಮ್ರತೆಯ ಜೊತೆಗೇ ಹಿರಿದಾದುದಕ್ಕೆ ಕೈಹಾಕುವ ಎದೆಗಾರಿಕೆಯನ್ನೂ ಸದ್ಗುಣವೆಂದೇ ಎಣಿಸಿದ. ನಮ್ಮ ನಾಡಿನ ಕ್ರೈಸ್ತ ಕೆಲಸದಲ್ಲಿ ಇದಕ್ಕೆ ಉದಾಹರಣೆಯಾಗಿ ಕಿಟೆಲ್ ಸಿಗುತ್ತಾರೆ. 1853ರಲ್ಲಿ ಬಾಸೆಲ್ ಮಿಶನ್ ಪಾದ್ರಿಯಾಗಿ ಬಂದವರು, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ ನಿಘಂಟು ಕೊಟ್ಟರು. 1903ರಲ್ಲಿ, ತೀರಿಕೊಂಡ ವರ್ಷ, ವ್ಯಾಕರಣವೂ ಅಚ್ಚಾಯಿತು. ಎರಡರ ಮೇಲೂ ಅವರ ಹೆಸರಿದೆ. ಇರಬೇಕಾದದ್ದೇ. ತಪ್ಪು ಕಂಡರೆ ಯಾರನ್ನು ಹಿಡಿದು ಕೇಳಬೇಕೆಂದು ಆ ಹೆಸರು ಹೇಳುತ್ತದೆ. ಇಗರ್ಜಿಯ ಬೆಂಚಿನ ಬೆನ್ನಿಗೆ ಬರೆಸಿದ ದಾನಿಯ ಹೆಸರು ಬೇರೆ ತರಹದ್ದು. ಬೆಂಚಿನ ಕಾಲು ಮುರಿದರೆ ಆ ಹೆಸರಿನವರು ಬರುವುದಿಲ್ಲ, ಆಚಾರಿಯನ್ನು ಕರೆಸುವುದು ಫಾದರೇ. ಗಲ್ಫಿನ ದುಡ್ಡು ಬಂದ ಮೇಲೆ ಕರಾವಳಿಯ ಇಗರ್ಜಿಗಳಲ್ಲಿ ಫಲಕಗಳು ಬಹಳವಾದವು. ದುಡ್ಡು ಬೆವರಿನದು, ಅದನ್ನು ಹೀಗಳೆಯಲಾರೆ. ಅಮೃತಶಿಲೆಯ ಮೇಲಿನ ಚಿನ್ನದ ಅಕ್ಷರ ಮಾತ್ರ ಕಣ್ಣಿಗೆ ಚುಚ್ಚುತ್ತದೆ.

ಪೋಪ್ ಫ್ರಾನ್ಸಿಸ್ 2013ರ ಪವಿತ್ರ ಗುರುವಾರ ರೋಮಿನ ಬಾಲಾಪರಾಧಿಗಳ ಬಂದಿಖಾನೆಗೆ ಹೋಗಿ ಅಲ್ಲಿನವರ ಕಾಲು ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. 2016ರ ಜನವರಿಯಲ್ಲಿ ಹೆಂಗಸರ ಕಾಲನ್ನೂ ತೊಳೆಯಬಹುದೆಂದು ನಿಯಮವೇ ಬದಲಾಯಿತು. ಪೋಪ್ ಬಗ್ಗಿದರು ಎಂದು ಎಲ್ಲರೂ ಕೊಂಡಾಡಿದರು. ಆ ಬಂದಿಖಾನೆಯ ಮಕ್ಕಳು ಪೋಪ್ ಮುಂದೆ ಕಾಲು ಚಾಚಿದ್ದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಪಡೆಯುವ ಮಾತಿಗೆ ಬಂದರೆ ಯಾರಿಂದ ಪಡೆಯುತ್ತೇವೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಪೂರ್ವಿಕರು ಗೋವೆಯಿಂದ ಬಂದವರು. ಬರುವಾಗ ಶಿಲುಬೆಯ ಜೊತೆ ಬಾಮೊಣ್, ಚಾರೊಡಿ, ಸುದಿರ್ ಎಂಬ ಜಾತಿಗಳ ಗಂಟನ್ನೂ ಹೊತ್ತು ತಂದರು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕಿ ಉಳಿದವರು 1799ರ ಮೇಲೆ ಮರಳಿದರು. ಇಗರ್ಜಿಗಳು ನೆಲಸಮವಾಗಿದ್ದವು, ಆಸ್ತಿ ಪರರ ಪಾಲಾಗಿತ್ತು. ಆ ಗಂಟು ಮಾತ್ರ ಅಷ್ಟು ದೂರ ಹೋಗಿ ಬಂದರೂ ಕಳೆದುಹೋಗಲಿಲ್ಲ. ಒಂದೇ ಬಟ್ಟಲಿನಿಂದ ಪ್ರಸಾದ ಪಡೆಯುತ್ತೇವೆ, ಒಂದೇ ಬೆಂಚಿನಲ್ಲಿ ಮೊಣಕಾಲೂರುತ್ತೇವೆ. ಸೊಸೆಯನ್ನು ತರುವಾಗ ಮಾತ್ರ ದನಿ ತಗ್ಗಿಸಿ ‘ಅವರು ಎಂತವರು?’ ಎಂದು ವಿಚಾರಿಸುತ್ತೇವೆ. ದಿನಾ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುವ ಮನೆಗಳಲ್ಲೇ ಈ ಪ್ರಶ್ನೆ ಹೆಚ್ಚು ಎಂಬುದು ನನ್ನ ಅನುಮಾನ, ಯಾರನ್ನಾದರೂ ನೋಯಿಸಿದರೆ ನೋಯಿಸಲಿ.

ಈಗ ನನ್ನ ತಂಗಿಯ ಮಗಳಿಗೆ ಗಂಡು ನೋಡುತ್ತಿದ್ದೇವೆ. ಸಂಬಂಧ ತರುವವರು ಹುಡುಗಿ ಏನು ಓದಿದ್ದಾಳೆ ಎನ್ನುವ ಮೊದಲೇ ಇದನ್ನು ಕೇಳುತ್ತಾರೆ. ಆ ಪ್ರಶ್ನೆಗೆ ಈ ಮನೆಯಿಂದ ಉತ್ತರ ಹೋಗಕೂಡದು ಎಂದು ನಾನು ಹೇಳಿದ್ದೇನೆ. ಹುಡುಗಿಗೂ ತಂಗಿಗೂ ಒಪ್ಪಿಗೆಯಿದೆ. ಭಾವ ಇನ್ನೂ ಒಪ್ಪಿಲ್ಲ.