ಬೀಳು ಭೂಮಿಯಲ್ಲಿ ಬಡವರ ಪಾಲು



ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಏಕೆ? ತಾನಾಗಿ ಬೆಳೆದದ್ದನ್ನು ಬಡವರು ಉಣ್ಣಲೆಂದು (ವಿಮೋಚನಾಕಾಂಡ 23:11). ನಮ್ಮ ಬೀಳು ಜಮೀನಿನಲ್ಲಿ ಬೆಳೆಯುವುದು ಜಾಲಿ, ಪಾರ್ಥೇನಿಯಂ. ಅದನ್ನು ಯಾರು ಉಣ್ಣಬೇಕು?

ಬೀದರ್ ಗಡಿಯಾಚೆ, ಇಂದಿನ ತೆಲಂಗಾಣದ ಜಹೀರಾಬಾದ್ ಸುತ್ತಿನ ದಲಿತ ಮಹಿಳೆಯರನ್ನು ನೋಡಿರಿ. 1990ರ ದಶಕದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳ ಮೂಲಕ ಬೀಳು ಹೊಲಗಳ ಉಳುಮೆಗೆ, ಗೊಬ್ಬರಕ್ಕೆ ಸಾಲ ದೊರೆಯಿತು. ತೀರಿಸಿದ್ದು ಹಣದಿಂದಲ್ಲ, ಜೋಳದಿಂದ. ಆ ಜೋಳ ಊರಿನಲ್ಲೇ ಉಳಿದು, ಕೂಳಿಗೆ ಕಷ್ಟವಾದ ತಿಂಗಳುಗಳಲ್ಲಿ ಕಡುಬಡವರಿಗೆ ಕಡಿಮೆ ಬೆಲೆಗೆ ಸಿಕ್ಕಿತು. ಕಡುಬಡವರು ಯಾರೆಂದು ಗುರುತಿಸಿದವರೂ ಊರಿನವರೇ.

ಅಲ್ಲಿ ಹೊಲ ಅವರದೇ. ನಮ್ಮಲ್ಲೋ ಉಳಬಲ್ಲವರಿಗೆ ಹೊಲವಿಲ್ಲ, ಹೊಲವುಳ್ಳವರು ಪಟ್ಟಣದಲ್ಲಿ. ಗೇಣಿಗೆ ಕೊಟ್ಟರೆ ಭೂಮಿ ಕೈತಪ್ಪೀತೆಂಬ ಅಂಜಿಕೆ 1974ರ ಭೂಸುಧಾರಣೆಯಿಂದಲೂ ಇದೆ. ಅದನ್ನು ಹಗುರಾಗಿ ಕಾಣಲಾರೆ. (ಗೇಣಿದಾರನಿಗೆ ಭೂಮಿ ದಕ್ಕಿದ್ದೂ ಅದರಿಂದಲೇ ತಾನೆ!) ಆದರೆ ದೇವಾಲಯದ ಹಿಂದಿನ ಜಾಗಕ್ಕೆ, ನಿಮ್ಮ ಹಿತ್ತಿಲಿಗೆ ಯಾವ ಗೇಣಿಪತ್ರ ಬೇಕು? ಮುಂಗಾರಿಗೆ ಮೊದಲೇ ಧರ್ಮಕೇಂದ್ರದ ಸಭೆಯಲ್ಲಿ ಮಾತು ಎತ್ತಿರಿ. ನುಗ್ಗೆ, ಬಸಳೆ, ಅವರೆ ಸಾಕು. ಮೊದಲ ಕೊಯ್ಲು ಯಾರ ಮನೆಗೆ ಹೋಗಬೇಕೆಂಬುದನ್ನೂ ಅಂದೇ ನಿಶ್ಚಯಿಸಿಕೊಳ್ಳಿರಿ.