ಹಳದಿ ಕಣ್ಣಿನವಳು

ವಿಡಿಯೋ ಗೇಮ್ ಎಂದರೆ ನನಗೆ ಗೊತ್ತಿದ್ದದ್ದು ಇಷ್ಟೇ: ಹುಡುಗರು ಊಟ ಆರಿಸಿಕೊಂಡು ಕೂರುವುದು, ಪರದೆಯ ಮೇಲೆ ಯಾರೋ ಯಾರಿಗೋ ಗುಂಡು ಹೊಡೆಯುವುದು. ಅಂಥ ನಾನು ಒಂದು ಭಾನುವಾರ, ಜಯನಗರದ ನಮ್ಮ ಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕುಳಿತಿದ್ದವಳು, ಕೈಕೆಲಸ ಮರೆತು ಎರಡು ಗಂಟೆ ಕಂಪ್ಯೂಟರ್ ನೋಡಿದೆ ಎಂದರೆ ನಂಬುತ್ತೀರಾ?

ಆಡುತ್ತಿದ್ದವಳು ತಂಗಿಯ ಮಗಳು. ವಾರವಿಡೀ ಕಂಪನಿಯ ಕೆಲಸ. ಭಾನುವಾರ ಬಿಟಿಎಂ ಲೇಔಟಿನಿಂದ ದೊಡ್ಡಮ್ಮನ ಮನೆಗೆ ಬಂದರೆ ತಿಂಡಿ, ಸೋಫಾ ಮತ್ತು ಈ ಆಟ. "ಇದು ಕಾದಂಬರಿ ಥರ ದೊಡ್ಡಮ್ಮಾ, ಸುಮ್ಮನೆ ನೋಡು" ಎಂದಳು. ಹೆಸರು 'ಪರ್ಸೋನಾ 4'. ಜಪಾನಿನಲ್ಲಿ 2008ರಲ್ಲಿ ಬಂದದ್ದು. ದೊಡ್ಡ ಊರಿನಿಂದ ಇನಾಬಾ ಎಂಬ ಸಣ್ಣ ಊರಿಗೆ, ಸೋದರಮಾವನ ಮನೆಯಲ್ಲಿ ಒಂದು ವರ್ಷ ಇರಲು ಬರುವ ಹುಡುಗ, ಅವನ ಸಹಪಾಠಿಗಳು. ಮಳೆ ಸುರಿಯುವ ಮಧ್ಯರಾತ್ರಿ ಆರಿಸಿದ ಟಿ.ವಿ.ಯಲ್ಲಿ ಯಾರದೋ ಆಕೃತಿ ಕಾಣುತ್ತದೆ. ಟಿ.ವಿ.ಯೊಳಗೆ ಹೊಕ್ಕರೆ ಮಂಜು ಕವಿದ ಬೇರೊಂದು ಲೋಕ. ಅಲ್ಲಿ ಅವರಿಗೆ ಎದುರಾಗುವುದು ಅವರದೇ ರೂಪ, ಅದೇ ಮುಖ. ಕಣ್ಣು ಮಾತ್ರ ಹಳದಿ.

ಚಿಯೆ ಎಂಬ ಗಟ್ಟಿಗಿತ್ತಿ ಹುಡುಗಿ ಕಾಣೆಯಾದ ಗೆಳತಿ ಯುಕಿಕೋಳನ್ನು ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾಳೆ. ಯುಕಿಕೋ ಊರಿನ ಹಳೆಯ ವಸತಿಗೃಹದ ಮಗಳು, ಚೆಲುವೆ. ಅವಳನ್ನು ಕಾಯುವವಳು ತಾನು ಎಂಬುದು ಚಿಯೆಯ ಹೆಮ್ಮೆ. ಎದುರು ನಿಂತ ಹಳದಿ ಕಣ್ಣಿನವಳು ನಗುತ್ತಾ ಹೇಳುತ್ತಾಳೆ: ಅವಳು ನಿನ್ನನ್ನು ನೆಚ್ಚಿಕೊಂಡಿರುವುದೇ ನಿನಗೆ ಸುಖ, ಅದಿಲ್ಲದಿದ್ದರೆ ನೀನು ಏನೂ ಅಲ್ಲ. ನೀನು ನಾನಲ್ಲ ಎಂದು ಚಿಯೆ ಕಿರುಚುತ್ತಾಳೆ. ಆ ಒಂದು ಮಾತಿಗೇ ನೆರಳು ಉಬ್ಬಿ ರಾಕ್ಷಸಿಯಾಗುತ್ತದೆ. ನನ್ನ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು.

1996ರಲ್ಲಿ ನನ್ನ ತಂಗಿ ಆರು ತಿಂಗಳ ಕೂಸನ್ನು ಎತ್ತಿಕೊಂಡು, ಒಂದು ಸೂಟ್‌ಕೇಸಿನೊಂದಿಗೆ ನಮ್ಮ ಮನೆಗೆ ಬಂದಳು. ಗಂಡನ ಮನೆಯ ಬಾಗಿಲು ಅವಳ ಪಾಲಿಗೆ ಮುಚ್ಚಿತ್ತು. ನಾನು ಇಟ್ಟುಕೊಂಡೆ. ನೆಂಟರಿಷ್ಟರೆಲ್ಲ ಹೊಗಳಿದರು. ಅಕ್ಕ ಅಂದರೆ ಹೀಗಿರಬೇಕು ಎಂದರು. ಅವಳು ಎಣ್ಣೆ ಸೀಗೆಕಾಯಿಗೂ ನನ್ನನ್ನೇ ಕೇಳಬೇಕಾಗಿತ್ತು, ಮತ್ತು ಅವಳು ಕೇಳುವಾಗ... ಹೇಗೆ ಹೇಳಲಿ, ನನಗೆ ಹಿತವಾಗುತ್ತಿತ್ತು. ಓದಿನಲ್ಲಿ ನನಗಿಂತ ಮುಂದಿದ್ದವಳು, ಬಣ್ಣದಲ್ಲಿ ನನಗಿಂತ ತಿಳಿ, ಅಪ್ಪನ ಮುದ್ದಿನ ಮಗಳು.

ಒಂದು ಬೆಳಿಗ್ಗೆ ಅವಳು ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದಾಗ ಫೋನ್ ಬಂತು. ಅವಳು ಅರ್ಜಿ ಹಾಕಿದ್ದ ಕಡೆಯಿಂದ. ನಾಳೆ ಹನ್ನೊಂದು ಗಂಟೆಗೆ ಸಂದರ್ಶನ. ನಾನು ಅದನ್ನು ಅವಳಿಗೆ ಹೇಳಿದ್ದು ಮರುದಿನ ಸಂಜೆ. "ಅಯ್ಯೋ, ಮರೆತೇಬಿಟ್ಟೆ ಕಣೇ!"

ಮರೆತಿರಲಿಲ್ಲ. ರಾತ್ರಿ ಅನ್ನ ಬಡಿಸುವಾಗಲೂ ನೆನಪಿತ್ತು.

ಏಳು ತಿಂಗಳಾದ ಮೇಲೆ ಅವಳಿಗೆ ಬೇರೆ ಕೆಲಸ ಸಿಕ್ಕಿತು, ಬೇರೆ ಮನೆಯೂ ಆಯಿತು. ಇವತ್ತಿಗೂ ಬಂದವರೆದುರು "ಅಕ್ಕ ಇಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ" ಎನ್ನುತ್ತಾಳೆ. ಅದೂ ಸುಳ್ಳಲ್ಲ ನೋಡಿ. ರಾತ್ರಿ ಎರಡು ಗಂಟೆಗೆ ಎದ್ದು ಆ ಕೂಸಿಗೆ ಹಾಲು ಕಾಯಿಸಿದವಳೂ ನಾನೇ.

ನವರಾತ್ರಿಯಲ್ಲಿ ಚಾಮುಂಡಿ ಮಹಿಷನನ್ನು ಕೊಲ್ಲುವುದನ್ನು ಕೇಳುತ್ತಾ ಬೆಳೆದವರು ನಾವು. ಕೆಟ್ಟದ್ದು ಹೊರಗಿರುತ್ತದೆ, ಅದಕ್ಕೆ ಕೋಡಿರುತ್ತದೆ, ಶೂಲ ಎತ್ತಿದರೆ ಸಾಯುತ್ತದೆ. ಈ ಆಟದಲ್ಲಿ ಹೊಡೆದಾಟವೇನೋ ಉಂಟು, ಆದರೆ ಕೊನೆಗೆ ನೆರಳನ್ನು ಕೊಲ್ಲುವುದಿಲ್ಲ. ಹೌದು, ನೀನೂ ನಾನೇ ಎಂದು ಒಪ್ಪಿದಾಗ ಅದೇ ಅವಳನ್ನು ಕಾಯುವ ಶಕ್ತಿಯಾಗುತ್ತದೆ. ನೆರಳು ಎಂಬ ಮಾತನ್ನು ಈ ಅರ್ಥದಲ್ಲಿ ಬಳಸಿದವನು 1961ರಲ್ಲಿ ತೀರಿಕೊಂಡ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. ಪರ್ಸೋನಾ ಎಂದರೆ ಮೂಲದಲ್ಲಿ ನಟರ ಮುಖವಾಡವಂತೆ. ಇದನ್ನೆಲ್ಲ ಆ ಹುಡುಗಿಯೇ ವಿವರಿಸಿದಳು. ತಾನು ಯಾರಿಗೆ ವಿವರಿಸುತ್ತಿದ್ದೇನೆ ಎಂದು ಅವಳಿಗೇನು ಗೊತ್ತು!

ನನ್ನ ತಕರಾರು ಇಷ್ಟೇ. ಹದಿನಾರು ಹದಿನೇಳರ ಆ ಮಕ್ಕಳು ಮುಂದೆ ಬಾಳಬೇಕಾದವರು. ಒಪ್ಪಿಕೊಂಡರೆ ಅವರಿಗೆ ಬಲ ಬರುತ್ತದೆ. ಅರವತ್ತರ ಹತ್ತಿರ ಒಪ್ಪಿಕೊಂಡರೆ ಏನು ಬರುತ್ತದೆ? ಮನಸ್ಸಿನಲ್ಲೇ ಒಪ್ಪಿದರೆ ಸಾಕೇ, ಅವಳೆದುರು ಹೇಳಬೇಕೇ? ಚಿಯೆಯೇನೋ ಗೆಳತಿಯ ಎದುರಿಗೇ ತನ್ನ ಹೊಟ್ಟೆಕಿಚ್ಚನ್ನು ಹೇಳಿಕೊಂಡಳು. ನಾನು ಹೇಳಿಬಿಟ್ಟರೆ ಹಗುರಾಗುವವಳು ನಾನು, ಭಾರ ಹೊರುವವಳು ತಂಗಿ. ಹೀಗೆ ಹೇಳಿಕೊಂಡೇ ಎರಡು ತಿಂಗಳು ಕಳೆದೆ. ಆಮೇಲೆ ಅನುಮಾನವಾಯಿತು: ಅವಳ ಒಳಿತಿಗಾಗಿ ಸುಮ್ಮನಿದ್ದೇನೆ ಎನ್ನುವವಳು ಯಾರು? ಅವಳ ಬದುಕಿನ ಒಂದು ಸಂಗತಿಯನ್ನು ಇಂದಿಗೂ ನನ್ನ ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡವಳೇ ತಾನೇ.

ಕಳೆದ ಶುಕ್ರವಾರ ಇಬ್ಬರೂ ಬನಶಂಕರಿ ಗುಡಿಗೆ ಹೋದೆವು. ಎಲ್ಲರೂ ದೂರವಿಡುವ ರಾಹುಕಾಲವೇ ಅಲ್ಲಿ ಪೂಜೆಯ ಹೊತ್ತು. ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯ ಒಳಮೈ ಹೊರಗಾಗುವಂತೆ ಮಗುಚಿ, ದೀಪ ಮಾಡುತ್ತಾರಲ್ಲ, ಅದನ್ನೇ ಮಾಡುತ್ತಾ ಪಕ್ಕಪಕ್ಕ ಕುಳಿತಿದ್ದೆವು. ನನ್ನ ಬೆರಳಿನ ಗಾಯಕ್ಕೆ ಹುಳಿ ತಾಗಿ ಉರಿಯುತ್ತಿತ್ತು. ಹೇಳಿಬಿಟ್ಟೆ. ಫೋನ್ ಬಂದದ್ದು, ಅನ್ನ ಬಡಿಸಿದ್ದು, ಎಲ್ಲ.

ಅವಳು ಪರವಾಗಿಲ್ಲ ಅನ್ನಲಿಲ್ಲ. ಅಳಲೂ ಇಲ್ಲ. ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ನಿಂಬೆಯ ಹೋಳಿನಲ್ಲಿಟ್ಟು, ತುಂಬ ಹೊತ್ತಾದ ಮೇಲೆ ಕೇಳಿದಳು: "ಸಂಬಳ ಎಷ್ಟು ಅಂತ ಹೇಳಿದ್ದರಾ ಅಕ್ಕ?"

ಹೇಳಿದ್ದರು. ಎಷ್ಟೆಂದು ನನಗೆ ನೆನಪಾಗಲಿಲ್ಲ. ಈ ಸಲ ನಿಜವಾಗಿಯೂ ಮರೆತಿತ್ತು.